ಕಂಬಳಿ ಹೊದ್ದ ಹೂವಿಗೆ ನೀರು ಬಿಟ್ಟದ್ದು

ಮಾಘಮಾಸದ ಬಿಸಿಲು ಮಳವಳ್ಳಿಯ ಸೀಮೆಗೆ ಬರುವ ಠೀವಿಯನ್ನು ನೀವೊಮ್ಮೆ ನೋಡಬೇಕು, ಸಹೃದಯರೇ! ಮುಹೂರ್ತಕ್ಕೆ ಮುಂಚೆಯೇ ಬಂದು ಮದುವೆಮನೆಯ ಜಗುಲಿಯ ನಡುಮಧ್ಯೆ ಕೂತುಬಿಡುವ ಹಿರಿಯ ನೆಂಟನ ಹಾಗೆ ಅದು ಬೆಳಗ್ಗೆಯೇ ಬರುತ್ತದೆ. ಕಬ್ಬಿನ ಗರಿಗಳ ತುದಿಯಲ್ಲಿ ಒಂದಿಷ್ಟು ಸ್ವರ್ಣಚೂರ್ಣ ಚೆಲ್ಲಿ, ರಾಗಿ ಕಣಗಳ ಹೊಟ್ಟಿನಲ್ಲಿ ಧೂಳಿನ ಧೂಪವೆಬ್ಬಿಸಿ, ವಿದ್ಯುದಾಗಾರದ ಊರಾದ ಬ್ಲಫ್ಫಿನ ಕಡೆಯಿಂದ ಬರುವ ವಿದ್ಯುತ್ ತಂತಿಗಳ ಮೇಲೆ ಸಾಲಾಗಿ ಕೂತ ಹಕ್ಕಿಗಳ ಎದೆಗೆಲ್ಲ ಒಂದೊಂದು ಬೆಳ್ಳಿಯ ಪದಕ ತೊಡಿಸಿ... ಆಮೇಲೆ ಸಂಜೆಯ ತನಕ ಎದ್ದು ಹೋಗುವ ಮಾತೇ ಇಲ್ಲ! ದೂರದಲ್ಲಿ ಕಾವೇರಿ, ಆಷಾಢದಲ್ಲಿ ಸಿಂಹಿಣಿಯಾಗಿ ಗರ್ಜಿಸಿದವಳು, ಈಗ ಶಿವನಸಮುದ್ರದ ಬಂಡೆಗಳ ನಡುವೆ ಹಾಡಿ ದಣಿದ ಗಾಯಕಿಯಂತೆ ಗುನುಗುತ್ತಿರುತ್ತಾಳೆ. ಇತ್ತ ಪೂರಿಗಾಲಿಯ ಗದ್ದೆಬಯಲು ನಾಲೆಯ ಕಟ್ಟಕಡೆಯಲ್ಲಿ ಬಾಯಿ ತೆರೆದುಕೊಂಡು ಕಾಯುತ್ತಿರುತ್ತದೆ. ಮೇಲಿನ ಊರುಗಳೆಲ್ಲ ಕುಡಿದು, ಬಾಯಿ ಒರೆಸಿಕೊಂಡು, ತೇಗಿ, ಉಳಿದದ್ದನ್ನು ಕೆಳಕ್ಕೆ ಬಿಟ್ಟರೆ ಅದೇ ಇಲ್ಲಿಯ ಜಲಭಾಗ್ಯ! ಆ ನೀರು ಬಂದ ದಿನ ಅಣ್ಣ ತಮ್ಮನ ಮುಖ ನೋಡುವುದಿಲ್ಲ, ಭಾವ ಭಾಮೈದನ ಮಾತು ಕೇಳುವುದಿಲ್ಲ. ಸರದಿ ಯಾರದೋ ನೀರು ಅವರದು. ಅಂಥ ಊರಿನಲ್ಲಿ ಒಬ್ಬ ಮನುಷ್ಯ ತನ್ನ ಸರದಿಯ ನೀರನ್ನು ಇನ್ನೊಬ್ಬರ ಗಿಡಕ್ಕೆ ತಿರುಗಿಸಿದನೆಂದರೆ... ಮುತ್ತಿನ ಹಾರವೂ ಅದರ ಮುಂದೆ ಚಿಲ್ಲರೆ!

ಇಂಥ ನೆಲದಲ್ಲಿ, ಪೂರಿಗಾಲಿಯ ರೈತ ದೊಡ್ಡಬೀರಯ್ಯನವರ ಹಿತ್ತಿಲಿನಲ್ಲಿ, ಹಿಮದ ಮಡಿಲಿನಲ್ಲಿ ಹುಟ್ಟಬೇಕಾದ ಗಿಡವೊಂದು ಬದುಕಿತ್ತು.

ಅದನ್ನು ಬೆಳೆಸುತ್ತಿದ್ದವನು ಅವರ ಮಗ ಹರ್ಷವರ್ಧನ. ಮಳವಳ್ಳಿ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಜ್ಯೂಸು, ಲಸ್ಸಿ, ಐಸ್‌ಕ್ರೀಮಿನ ಪುಟ್ಟ ಅಂಗಡಿಯ ಒಡೆಯ. ನಾಲಗೆ ತುಂಬ ಸಿನಿಮಾ ಡೈಲಾಗು, ತಲೆ ತುಂಬ ಕುಚೇಷ್ಟೆ. ಪ್ರಾಣಸ್ನೇಹಿತನಾದ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಮಹದೇವುವಿಗೆ ನಿಂಬೆ ಷರಬತ್ತಿನಲ್ಲಿ ಹಸಿಮೆಣಸಿನಕಾಯಿ ಹಿಂಡಿ ಕೊಟ್ಟು, ಅವನು ಕೊಳ್ಳೇಗಾಲದವರೆಗೂ ಬಾಯಿ ತೆರೆದುಕೊಂಡೇ ಟಿಕೆಟ್ ಹರಿಯುವಂತೆ ಮಾಡಿದ ಕೀರ್ತಿ ಇವನದು. ಆದರೆ ಹೃದಯವೆಂಬುದು ಎಲ್ಲ ಕುಚೇಷ್ಟೆಗಾರರಿಗೂ ಇರುತ್ತದೆಯಲ್ಲ... ಇವನ ಹೃದಯ ತೇಜು ಎಂಬ ಹೆಸರು ಕೇಳಿದೊಡನೆ, ಕರೆಂಟು ಹೋದ ಮಿಕ್ಸಿಯ ಹಾಗೆ, ತಿರುಗುತ್ತಿದ್ದದ್ದು ಗಕ್ಕನೆ ನಿಂತುಬಿಡುತ್ತಿತ್ತು!

ತೇಜು ಬ್ಲಫ್ಫಿನ ಹುಡುಗಿ. ವಿದ್ಯುದಾಗಾರದ ನೌಕರರೊಬ್ಬರ ಮಗಳು. ಮಳವಳ್ಳಿಯ ಕಾಲೇಜಿನಲ್ಲಿ ಇವನ ಜೊತೆ ಓದಿದವಳು, ಓಟದಲ್ಲಿ ಗಂಡುಹುಡುಗರನ್ನೆಲ್ಲ ಹಿಂದೆ ಹಾಕಿದವಳು, ಓಡುತ್ತ ಓಡುತ್ತ ಗಡಿ ಕಾಯುವ ಪಡೆಗೇ ಸೇರಿ, ಈಗ ಹಿಮಾಲಯದ ಯಾವುದೋ ಶಿಖರಶ್ರೇಣಿಯ ಕಾವಲುಠಾಣೆಯಲ್ಲಿ ಕಾನ್‌ಸ್ಟೇಬಲ್ ಆಗಿ ನಿಂತವಳು. ಒಂದೂವರೆ ವರ್ಷದ ಹಿಂದೆ ರಜೆ ಮುಗಿಸಿ ಹೊರಟ ದಿನ, ಶ್ರಾವಣದ ಜಿಟಿಜಿಟಿ ಮಳೆಯಲ್ಲಿ, ಮುಲಾಮಿನ ಒಂದು ಖಾಲಿ ಡಬ್ಬಿಯನ್ನು ಇವನ ಅಂಗಡಿಯ ಕಟ್ಟೆಯ ಮೇಲೆ ಇಟ್ಟಿದ್ದಳು. ಅದರೊಳಗೆ ಸಾಸಿವೆಗಿಂತ ಸಣ್ಣ, ರಾಗಿಯ ಹೊಟ್ಟಿಗಿಂತ ಹಗುರ ಬೀಜ.

"ನಮ್ ಪೋಸ್ಟ್ ಪಕ್ಕ ಬಂಡೆ ಸಂದೀಲಿ ಬೆಳೀತದೆ ಕಣೋ. ಎಡೆಲ್‌ವೈಸ್ ಅಂತೆ, ಹಿಮದಲ್ ಬಿಡೋ ಊವು. ನಿನ್ ಕೈಲಿ ಆದ್ರೆ ಬೆಳ್ಸು."

"ತೇಜೂ..." ಇವನು ಎದೆಯ ಮೇಲೆ ಕೈಯಿಟ್ಟು, ಕಣ್ಣು ಕಿರಿದುಮಾಡಿ, ಕ್ಯಾಮೆರಾ ಇದೆಯೆಂದು ತಾನೇ ಊಹಿಸಿಕೊಂಡ ದಿಕ್ಕಿಗೆ ಮುಖ ತಿರುಗಿಸಿದ್ದ. "ಬೆಟ್ಟ ಬಗ್ಗಿದ್ರೂ, ಒಳೆ ಬತ್ತಿದ್ರೂ, ಈ ಹರ್ಷ ಕೊಟ್ಟ ಮಾತು..."

"ಬಸ್ ಓಯ್ತದೆ. ಜರುಗು."

ಅಷ್ಟೇ! ಬಸ್ಸು ಹೊರಟಿತು. ಮಳೆಯ ಪರದೆಯ ಹಿಂದೆ ಕಿಟಕಿಯೊಂದು ಮಬ್ಬಾಗಿ, ಕೈಯೊಂದು ಮಿಂಚಿ, ಮರೆಯಾಯಿತು... ಪ್ರೇಮವನ್ನು ಹೇಳುವುದಕ್ಕೆ ಬಾಯಿಗೆ ಬಂದ ಡೈಲಾಗುಗಳೆಲ್ಲ ಗಂಟಲಿನಲ್ಲೇ ನಿಂತು, ಡಬ್ಬಿಯೊಂದು ಮಾತ್ರ ಕೈಯಲ್ಲಿ ಉಳಿಯಿತು. ಹೇಳಲಾಗದ್ದನ್ನು ಬೆಳೆಸಿ ತೋರಿಸುತ್ತೇನೆ ಎಂದು ಆ ಕ್ಷಣವೇ ಹರ್ಷ ಸಂಕಲ್ಪ ಮಾಡಿದ.

ಸಂಕಲ್ಪವೇನೋ ಸುಲಭ, ಕೃಷಿ ಕಷ್ಟ. ಈ ಗಿಡದ ಸ್ವಭಾವವೇ ವಿಲಕ್ಷಣ. ಚಳಿಗಾಲವನ್ನು ಕಂಡ ಹೊರತು ಬೀಜ ಕಣ್ಣು ಬಿಡದು. ಹಾಗಾಗಿ ಹರ್ಷ ಅದನ್ನು ಒದ್ದೆ ಮರಳಿನಲ್ಲಿ ಬೆರೆಸಿ, ಅಂಗಡಿಯ ಫ್ರಿಜ್ಜಿನಲ್ಲಿ ಲಸ್ಸಿ ಪ್ಯಾಕೆಟ್ಟುಗಳ ಹಿಂದೆ, ಮಳವಳ್ಳಿಯ ಸೆಖೆಯ ನಡುವೆಯೇ ಒಂದು ಅಂಗೈಯಗಲದ ಹಿಮಾಲಯವನ್ನು ನಿರ್ಮಿಸಿ ಮಲಗಿಸಿದ. ದೀಪಾವಳಿಯ ಹೊತ್ತಿಗೆ ಹೊರಗೆ ತೆಗೆದು ಬಿತ್ತಿದಾಗ ಹಸಿರು ಚುಕ್ಕೆಗಳು ಮೂಡಿದವು. ಮಣ್ಣಿನ ವಿಷಯಕ್ಕೆ ತೇಜು ಠಾಣೆಯಿಂದ ಸಿಗ್ನಲ್ ಸಿಕ್ಕಾಗಲೆಲ್ಲ ದನಿಸಂದೇಶ ಕಳಿಸುತ್ತಿದ್ದಳು, ಹಿನ್ನೆಲೆಯಲ್ಲಿ ಗಾಳಿಯ ಶಿಳ್ಳೆ, ಮುನ್ನೆಲೆಯಲ್ಲಿ ಆಜ್ಞೆ: "ಗೊಬ್ರ ಮುಟ್ಟಿಸ್ಬೇಡ. ನೀರು ಸುರೀಬೇಡ. ಕಲ್ಲು ಆಕು, ಮರಳು ಆಕು. ಆಮೇಲೆ ಸುಮ್ನೆ ಬುಟ್ಬುಡು."

ಸುಮ್ಮನೆ ಬಿಟ್ಟುಬಿಡುವುದು! ಅದೇ ಎಲ್ಲಕ್ಕಿಂತ ಕಠಿಣವಾದ ಕೆಲಸವೆಂದು ಅವನಿಗೆ ಆಗ ಗೊತ್ತಿರಲಿಲ್ಲ. ಹಿತ್ತಿಲಿನ ಪೂರ್ವದ ಗೋಡೆಯ ಬುಡದಲ್ಲಿ ಒಡೆದ ಹೆಂಚಿನ ಚೂರು ಹಾಸಿ, ಅದರ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಹೊಳೆಮರಳು ಬೆರೆತ ಒಂದು ಹಿಡಿ ಮಣ್ಣು, ಹೀಗೆ ಮೊಣಕಾಲೆತ್ತರದ ದಿಬ್ಬ ಕಟ್ಟಿದ. ಸಸಿಯ ಕತ್ತಿನ ಸುತ್ತ ನೀರು ನಿಲ್ಲದಂತೆ ಸಣ್ಣ ಕಲ್ಲುಗಳ ಕಂಠೀಹಾರ ತೊಡಿಸಿದ. ಎಳೆಬಿಸಿಲು ಬೇಕು, ನಡುಹಗಲು ಬೇಡ. ಅದಕ್ಕೆ ತೆಂಗಿನ ಗರಿಯ ತಡಿಕೆ. ಬೇಸಗೆ ಬಂದಾಗ ದಿಬ್ಬದ ಪಕ್ಕದಲ್ಲಿ ಮಣ್ಣಿನ ಮಡಕೆಗಳನ್ನು ಅರ್ಧ ಹೂತು ನೀರು ತುಂಬಿಟ್ಟ. ಮಡಕೆ ಬೆವರಿ, ಸುತ್ತಲಿನ ಕಲ್ಲೆಲ್ಲ ತಣ್ಣಗಾಗುತ್ತಿತ್ತು. ಬೆರಳಿಟ್ಟು ನೋಡಿ, ಒಳಗೂ ಒಣಗಿದ್ದರೆ ಮಾತ್ರ ಬುಡಕ್ಕೆ ಒಂದು ಲೋಟ ನೀರು. ಆದರೂ ಬೇಸಗೆಯ ಬೆಂಕಿಯಲ್ಲಿ ಸಸಿಗಳು ಒಂದೊಂದಾಗಿ ಕಣ್ಮುಚ್ಚಿ, ಕೊನೆಗೆ ಉಳಿದದ್ದು ಒಂದೇ ಒಂದು.

ಮನೆಯವರಿಗೆ ಇದು ನಗೆಯೋ, ನಾಚಿಕೆಯೋ ತಿಳಿಯದ ವಿಷಯ. ತಾಯಿ ಚಿಕ್ಕಲಕ್ಷ್ಮಮ್ಮ ಅಕ್ಕಿ ತೊಳೆದ ನೀರನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಳ್ಳಹೆಜ್ಜೆಯಲ್ಲಿ ದಿಬ್ಬದ ಹತ್ತಿರ ಹೋಗುವಾಗ ಸಿಕ್ಕಿಬಿದ್ದಿದ್ದರು.

"ಅವ್ವಾ! ಸ್ಟಾಪ್! ಒಂದ್ ಎಜ್ಜೆ ಮುಂದಿಟ್ರೆ ನಾನು ಮನುಸ್ನಾಗಿರಕಿಲ್ಲ!"

"ಈಗೇನ್ ಮನುಸ್ನಾಗಿದ್ದೀಯ? ಬಾಯಾರಿ ಸಾಯ್ತಾ ಅದೆ ಕಣ್ಲಾ ಅದು. ನೋಡಾಕಾಗಾಕಿಲ್ಲ."

"ಅದಕ್ ಬಾಯಾರಕಿಲ್ಲ ಕಣವ್ವ. ಅದರ ಜಾತಕಾನೆ ಬ್ಯಾರೆ."

ದೊಡ್ಡಬೀರಯ್ಯನವರ ಮಾತು ಇನ್ನೂ ಮೊನಚು. ಹಿರಿಯರ ಕಾಲದಲ್ಲಿ ಕುರಿಮಂದೆ ಸಾಕಿದ ಮನೆತನ. ಈಗ ಕಬ್ಬು, ಭತ್ತ, ರೇಷ್ಮೆಗೆ ಒಂದಿಷ್ಟು ಹಿಪ್ಪುನೇರಳೆ. ಹೊಟ್ಟೆಗೆ ಬಾರದ, ದೇವರ ತಲೆಗೂ ಏರದ ಗಿಡವೊಂದಕ್ಕೆ ಮಗ ಕಲ್ಲುಮಂಟಪ ಕಟ್ಟಿ ಕೂತದ್ದನ್ನು ಅವರಿಂದ ಸಹಿಸಲಾಗಲಿಲ್ಲ. "ಅರ್ಸಾ," ಎನ್ನುತ್ತಿದ್ದರು, ಹರ್ಷನೆಂಬ ಹೆಸರು ಅವರ ಬಾಯಲ್ಲಿ ಆಗುತ್ತಿದ್ದದ್ದು ಹಾಗೆ, "ಕಲ್ ಮ್ಯಾಲೆ ಗಿಡ ಬೆಳೆಸೋನು ನಾಳೆ ಎಂಡ್ರಿಗೆ ಏನ್ ಬೆಳ್ದಾಕೀಯ?" ಒಮ್ಮೆ ಹೀಗೆಯೇ ಮಾತಿಗೆ ಮಾತು ಬೆಳೆದು, ಹರ್ಷ, "ಅಪ್ಪಾ, ನಿಂಗೆ ಇದು ಅರ್ಥಾಗಾಕಿಲ್ಲ, ಇದರ ಅತ್ರ ಬರ್ಬ್ಯಾಡ," ಎಂದುಬಿಟ್ಟ. ಅಂದಿನಿಂದ ಹಿತ್ತಿಲಿನ ಬಾಗಿಲು ದಾಟುವಾಗ ದೊಡ್ಡಬೀರಯ್ಯ ಮುಖವನ್ನು ಇನ್ನೊಂದು ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು. ಅಪ್ಪ ಮಗನ ನಡುವೆ ಮಾತು, ಕಡೇ ಭಾಗದ ನಾಲೆಯಂತೆ, ಬತ್ತಿಹೋಯಿತು.

ಈ ನಡುವೆ ದೊಡ್ಡವರ ಲೋಕದಲ್ಲಿ ಮದುವೆಯ ಮಾತು ತಾನಾಗಿಯೇ ಹುಟ್ಟಿಕೊಂಡಿತ್ತು. ತೇಜುವಿನ ತಂದೆಗೆ ಹರ್ಷ ಒಪ್ಪಿಗೆ. ಇತ್ತ ಇವರಿಗೂ ತೇಜು ಒಪ್ಪಿಗೆ. ಷರತ್ತು ಒಂದೇ: ಹುಡುಗಿ ಕೆಲಸ ಬಿಟ್ಟು ಬರಬೇಕು. "ಸೊಸೆ ಅಂದ್ರೆ ಕಣ್ಮುಂದಿರ್ಬೇಕು. ಬಂದೂಕ ಇಡ್ಕಂಡು ಬೆಟ್ಟದ ಮ್ಯಾಲೆ ನಿಂತ್ರೆ ನಾನ್ ಯಾರಿಗೆ ಮುದ್ದೆ ಇಕ್ಲಿ?" ಎಂದು ಚಿಕ್ಕಲಕ್ಷ್ಮಮ್ಮ, "ಇದ್ದಷ್ಟು ದಿನ ಆಯ್ತು, ಇನ್ ಸಾಕು," ಎಂದು ಅವಳ ತಂದೆ. ಸುದ್ದಿ ಬೆಟ್ಟ ಹತ್ತಿ ಹೋಯಿತು. ಬೆಟ್ಟದಿಂದ ಇಳಿದು ಬಂದ ಉತ್ತರ ಚಿಕ್ಕದು: "ಶಿವರಾತ್ರಿಗೆ ರಜ ಅದೆ. ಬಂದು ಮಾತಾಡ್ತೀನಿ." ಅಷ್ಟು ಹೇಳಿ ಸಿಗ್ನಲ್ ಹೋಯಿತೋ, ಅವಳೇ ಕತ್ತರಿಸಿದಳೋ...

ಹರ್ಷನ ಎದೆಯಲ್ಲಿ ಆ ದಿನದಿಂದ ಡೋಲು. ಒಪ್ಪುವಳೋ, ಒಲ್ಲೆನೆನ್ನುವಳೋ? ಅವನಿಗೆ ಅವಳು ಬೇಕು, ಉಸಿರಿನಷ್ಟು ಬೇಕು. ಆದರೆ ದಿಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತು ಆ ಗಿಡವನ್ನು ನೋಡುತ್ತಿದ್ದಾಗಲೆಲ್ಲ ಅವನಿಗೆ ಒಂದೇ ಆಲೋಚನೆ: ಚಳಿಯಲ್ಲೇ ಚೆಲುವಾಗುವ ಜೀವವನ್ನು ಸೆಖೆಗೆ ಎಳೆದು ತಂದು, ಕೂರಿಸಿ, ಇಕ್ಕಿ, ಸಾಕಿದರೆ ಅದು ಬದುಕೀತೇ? ಇಲ್ಲ. ಹೂವನ್ನು ತೋರಿಸಿ, "ನೀನು ಅಲ್ಲೇ ಇರು, ಕಾಯುವವನು ನಾನು," ಎಂದು ಹೇಳಬೇಕು. ಈ ಡೈಲಾಗನ್ನು ಅವನು ಲಸ್ಸಿ ಕಡೆಯುತ್ತ, ಕನ್ನಡಿಯ ಮುಂದೆ, ಮಹದೇವುವಿನ ಖಾಲಿ ಬಸ್ಸಿನಲ್ಲಿ, ಎಲ್ಲೆಲ್ಲೂ ಅಭ್ಯಾಸ ಮಾಡಿದ.

"ಎಂಗದೆ?" ಎಂದ ಒಂದು ದಿನ.

"ಚೆನ್ನಾಗದೆ ಕಣ್ಲಾ," ಎಂದ ಮಹದೇವು, ಕಡಲೆಕಾಯಿ ಬಿಡಿಸುತ್ತ. "ಆದ್ರೆ ಇದು ಈರೋ ಸಾಯೋಕ್ ಮುಂಚೆ ಏಳೋ ಡೈಲಾಗು. ಮದ್ವೆ ಆಗೋನು ಏಳಾಕಿಲ್ಲ."

"ಮುಚ್ಚಲೇ ಬಾಯಿ. ನಿಂಗೇನ್ ಗೊತ್ತು ಪ್ರೀತಿ."

"ನಂಗೆ ಚಿಲ್ಲರೆ ಗೊತ್ತು, ರೈಟ್ ರೈಟ್ ಗೊತ್ತು. ಅಷ್ಟೇಯ."

ಮಕರ ಸಂಕ್ರಾಂತಿ ಕಳೆದ ಮೇಲೆ ಒಂದು ಮುಂಜಾವು, ಮಂಜಿನ ತೆಳುವಸ್ತ್ರ ಕಬ್ಬಿನ ಮೇಲಿಂದ ಇನ್ನೂ ಜಾರದ ಹೊತ್ತಿನಲ್ಲಿ, ಗಿಡದ ನಡುವಿನಿಂದ ಒಂದು ದಂಟು ಮೇಲೆದ್ದಿತ್ತು. ಅದರ ತುದಿಯಲ್ಲಿ ಮೊಗ್ಗು! ಬಣ್ಣವಿಲ್ಲ, ಪರಿಮಳವಿಲ್ಲ, ಬೂದುಬಿಳಿಯ ಮೃದುರೋಮದಲ್ಲಿ ಮೈಯನ್ನೆಲ್ಲ ಮುಚ್ಚಿಕೊಂಡ, ನಕ್ಷತ್ರವಾಗಲು ಇನ್ನೂ ಮನಸ್ಸು ಮಾಡದ ಒಂದು ಪುಟ್ಟ ಮುಷ್ಟಿ... ಹರ್ಷ ಕುಣಿದುಕೊಂಡು ಅಂಗಡಿಗೆ ಹೋದ. ಅವನು ಹೋದ ಮೇಲೆ, ಯಾರೂ ಇಲ್ಲವೆಂದು ನೋಡಿಕೊಂಡು, ದೊಡ್ಡಬೀರಯ್ಯ ಹಿತ್ತಿಲಿಗೆ ಬಂದರು. ಬಗ್ಗಿದರು. ಒರಟು ಬೆರಳನ್ನು ಮೊಗ್ಗಿನ ಮೇಲೆ ಮೆಲ್ಲಗೆ ಆಡಿಸಿದರು. ಆಡಿಸಿದವರು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡರು.

"ಲೇ ಇವ್ಳೇ! ಬಾ ಇಲ್ಲಿ! ಇದು ಊವಲ್ಲ ಕಣೇ... ಕುರಿಮರಿ!"

ಚಿಕ್ಕಲಕ್ಷ್ಮಮ್ಮ ಒಲೆ ಬಿಟ್ಟು ಓಡಿಬಂದರು. "ಏನ್ ಕುರಿಮರಿಯೋ, ಏನೋ. ಮುಟ್ಬ್ಯಾಡ ಅಂತ ಏಳವ್ನೆ, ನಿನ್ ಮಗ ಬಂದ್ರೆ..."

"ತುಪ್ಟ ಕಣೇ ಇದು, ಕುರಿ ಉಣ್ಣೆ. ನಮ್ ತಾತ ಮಂದೆ ಒಡ್ಕಂಡ್ ಓಗುವಾಗ ಎಳೇ ಮರೀನ ಕಂಬ್ಳಿ ಒಳಗೆ ಆಕ್ಕಂಡು ಬತ್ತಿದ್ದ. ಅದೇ ನುಣುಪು. ದೇವ್ರೇ... ಊವಿಗೂ ಕಂಬ್ಳಿ ಒದ್ದಿಸವ್ನೆ ನೋಡು ಸಿವ!"

ಎಷ್ಟೋ ವರ್ಷಗಳ ಹಿಂದೆ ಮಂದೆಯನ್ನು ಮಾರಿದ ದಿನ ಆ ಮನುಷ್ಯನ ಎದೆಯಲ್ಲಿ ಮುಚ್ಚಿಹೋದ ಯಾವುದೋ ಬಾಗಿಲು ಆ ಬೆಳಗಿನಲ್ಲಿ ಸದ್ದಿಲ್ಲದೆ ತೆರೆದುಕೊಂಡಿತು. ಅಂದಿನಿಂದ ಮಗ ಬಸ್ಸು ಹತ್ತಿದ್ದೇ ತಡ, ಅಪ್ಪ ಹಿತ್ತಿಲಿಗೆ. ಮೊಗ್ಗಿನ ಜೊತೆ ಅದೇನು ಮಾತೋ! ಮಗನ ಮೇಲಿನ ಮುನಿಸು ಕರಗಿ ಹೋಯಿತು. ಆದರೆ ಮುನಿಸು ಕರಗಿದೆಯೆಂದು ಬಾಯಲ್ಲಿ ಹೇಳುವ ಅಭ್ಯಾಸ ನಮ್ಮ ಸೀಮೆಯ ಅಪ್ಪಂದಿರಿಗೆ ಎಲ್ಲಿದೆ, ಹೇಳಿ! ಅವರು ಮಾಡಿ ತೋರಿಸುವವರು.

ಶಿವರಾತ್ರಿಗೆ ಇನ್ನು ಕೆಲವೇ ದಿನವಿರುವಾಗ ನಾಲೆಗೆ ನೀರು ಬಂತು. ದೊಡ್ಡಬೀರಯ್ಯನವರ ಸರದಿ. ಗದ್ದೆಯ ಕಬ್ಬು ಒಣಗಿ ಗರಿಗರಿ ಎನ್ನುತ್ತಿತ್ತು. ಆ ನೀರಿಗಾಗಿ ಅವರು ಊರಿನವರೊಂದಿಗೆ ಜಗಳವಾಡಿ, ತೂಬಿನ ಬಳಿ ಕಾದು ಕೂತಿದ್ದವರು. ಆದರೆ ಮೊದಲ ನೀರು ಬದುವಿನ ಮೂಲೆಗೆ ಬಂದಾಗ ಅವರು ಗುದ್ದಲಿ ಹಿಡಿದು ಕಬ್ಬಿನ ಕಡೆಗಲ್ಲ, ಹಿತ್ತಿಲಿನ ಕಡೆಗೆ ಕಾಲುವೆ ಕಡಿದರು! ದಿಬ್ಬದ ಹತ್ತಿರ ಬಂದು ನೋಡಿದರೆ ಕೂಸಿನ ಕತ್ತಿನ ಸುತ್ತಲೂ ಕಲ್ಲು. ಅಯ್ಯೋ ಪಾಪವೇ! ಒಂದೊಂದಾಗಿ ಕಲ್ಲುಗಳನ್ನೆಲ್ಲ ಎತ್ತಿ ಬೇಲಿಯಾಚೆ ಹಾಕಿದರು. ದಿಬ್ಬವನ್ನು ಸಮಮಾಡಿ, ತಿಪ್ಪೆಯ ತಳದಿಂದ ತೆಗೆದ ಕಪ್ಪು ಬೆಣ್ಣೆಯಂಥ ಗೊಬ್ಬರವನ್ನು ಎರಡು ಮಂಕರಿ ಸುರಿದು, ಬಾಳೆಗೆ ಮಾಡುವಂಥ ಅಂದವಾದ ಪಾತಿ ಮಾಡಿ... ನೀರು ಬಿಟ್ಟರು. ನೀರು ಗುಳುಗುಳು ನಗುತ್ತ ಬಂತು, ಪಾತಿ ತುಂಬಿತು, ಮಧ್ಯಾಹ್ನದ ಬಿಸಿಲು ಅದರಲ್ಲಿ ಕರಗಿದ ಬೆಳ್ಳಿಯಾಯಿತು, ನಡುವೆ ಆ ಗಿಡ ತನ್ನ ಕಂಬಳಿಯ ಸಮೇತ ಕುತ್ತಿಗೆಮಟ್ಟ ಮುಳುಗಿ ನಿಂತಿತು. ದೊಡ್ಡಬೀರಯ್ಯ ಗುದ್ದಲಿಯ ಮೇಲೆ ಗಲ್ಲವೂರಿ, ಮಗು ಮೊಲೆಯುಣ್ಣುವುದನ್ನು ನೋಡುವ ತಾಯಿಯಂತೆ ಅದನ್ನೇ ನೋಡುತ್ತ ನಿಂತರು...

ಸಂಜೆ ಬಂದ ಹರ್ಷನಿಗೆ ಅವರು ತಿಂಗಳುಗಳ ಮೌನ ಮುರಿದು ಮೊದಲು ಆಡಿದ ಮಾತು: "ಅರ್ಸಾ, ಓಗು ನೋಡು. ಒಟ್ಟೆ ತುಂಬ ಕುಡುದದೆ."

ಅವನು ಹೋಗಿ ನೋಡಿದ.

ಸಿನಿಮಾದಲ್ಲಾಗಿದ್ದರೆ ಈಗ ಗುಡುಗು, ಮಿಂಚು, ನಾಯಕನ ಆಕ್ರಂದನ! ಪೂರಿಗಾಲಿಯ ಹಿತ್ತಿಲಿನಲ್ಲಿ ಒಂದು ಕಪ್ಪೆ ಮಾತ್ರ ಕೂಗಿತು. ಹರ್ಷ ಪಾತಿಯ ಅಂಚಿನಲ್ಲಿ ಕುಕ್ಕರಿಸಿದ. ಬೆನ್ನ ಹಿಂದೆ ಅಪ್ಪ ನಿಂತಿದ್ದಾರೆ. ಅವರ ಪಂಚೆ ಮೊಣಕಾಲಿನವರೆಗೆ ಕೆಸರು. ಅವರ ಕಬ್ಬು ಇನ್ನೂ ಒಣಗಿಯೇ ನಿಂತಿದೆ. ತಮ್ಮ ಸರದಿಯ ಮೊದಲ ನೀರನ್ನು ತಂದು ಇಲ್ಲಿ ಸುರಿದಿದ್ದಾರೆ. ಕೋಪಕ್ಕೆ ಹುಡುಕಿದರೆ ಎದೆಯಲ್ಲಿ ಎಲ್ಲೂ ಜಾಗವೇ ಸಿಗಲಿಲ್ಲ.

"ಚೆನ್ನಾಗ್ ಮಾಡಿದ್ದೀಯ ಕಣಪ್ಪ," ಎಂದ. "ನೀನು ಓಗಿ ಕಬ್ಬಿಗೆ ಕಟ್ಟು. ನೀರು ಓದಾತು."

ಅವರು ಹೋದ ಮೇಲೆ ಪಾತಿ ಒಡೆದ, ನೀರು ಬಸಿದ, ಗೊಬ್ಬರ ತೋಡಿದ, ಬೇಲಿಯಾಚೆಯಿಂದ ಕಲ್ಲುಗಳನ್ನು ಹೆಕ್ಕಿ ತಂದ. ಆದರೆ ಬೇರಿಗೆ ತಲುಪಿದ ವಾತ್ಸಲ್ಯವನ್ನು ಹಿಂದಕ್ಕೆ ತೆಗೆಯುವ ವಿದ್ಯೆಯನ್ನು ಯಾರು ಬಲ್ಲರು! ಕೆಲವೇ ದಿನಗಳಲ್ಲಿ ಬುಡದ ಎಲೆಗಳು ಕಂದಿದವು. ದಂಟು, ಬಿಸಿಲಿನಲ್ಲಿಟ್ಟ ಮೇಣದಬತ್ತಿಯಂತೆ, ಮೆಲ್ಲಮೆಲ್ಲನೆ ಬಾಗಿತು. ಮೊಗ್ಗು ತೆರೆಯದೆಯೇ ಕಪ್ಪಾಯಿತು.

ದೊಡ್ಡಬೀರಯ್ಯ ಬಾಗಿಲಲ್ಲಿ ನಿಂತು ಕೇಳಿದರು, "ಏನಾಯ್ತ್ಲಾ ಅದಕ್ಕೆ?"

ಎಷ್ಟೋ ಜನರನ್ನು ಎಷ್ಟೋ ಬಾರಿ ಯಾಮಾರಿಸಿದ ಹುಡುಗ ಅಂದು ಜೀವಮಾನದ ಅತ್ಯಂತ ಕೋಮಲವಾದ ಸುಳ್ಳು ಹೇಳಿದ. "ಬಿಸ್ಲು ಕಣಪ್ಪ. ಈ ಸಲ ಬಿಸ್ಲು ಬೇಗ ಬಂದ್ಬುಡ್ತು."

ಬೆಳೆ ಸಾಯುವುದನ್ನು ಅರವತ್ತು ವರ್ಷ ಕಂಡವರಿಗೆ ಬಿಸಿಲಿಗೆ ಒಣಗಿದ ಗಿಡ ಯಾವುದು, ನೀರಿಗೆ ಕೊಳೆತದ್ದು ಯಾವುದು ಎಂದು ತಿಳಿಯದೇ? ಆ ಮಧ್ಯಾಹ್ನ ಅವರ ತಟ್ಟೆಯಲ್ಲಿ ಮುದ್ದೆ ಮುರಿದದ್ದು ಮುರಿದಂತೆಯೇ ಇತ್ತು.

ಮಹದೇವು ಬಂದು ಶವಪರೀಕ್ಷೆ ಮಾಡಿದ. "ಪ್ಲಾಸ್ಟಿಕ್‌ದು ಒಂದ್ ತಂದು ಸಿಗಿಸ್ಲಾ? ದೂರದಿಂದ ತೋರ್ಸು. ಅತ್ರ ಬಂದ್ರೆ ನಾನು ಬಸ್ ಆರನ್ ಒಡಿತೀನಿ."

"ಬ್ಯಾಡ ಕಣ್ಲಾ," ಎಂದ ಹರ್ಷ. ಕುಚೇಷ್ಟೆಯನ್ನು ಅವನು ಬೇಡವೆಂದದ್ದು ಅದೇ ಮೊದಲು. ಮಹದೇವು ಅವನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದ.

ಶಿವರಾತ್ರಿಯ ಹಿಂದಿನ ದಿನ ತೇಜು ಬಂದಳು. ಅಪ್ಪನ ಸ್ಕೂಟರಿನಲ್ಲಿ ಬ್ಲಫ್ಫಿನಿಂದ ಒಬ್ಬಳೇ ಬಂದು, ಹೊಸಿಲಲ್ಲಿ ಚಪ್ಪಲಿ ಬಿಟ್ಟು, "ಅತ್ತೆ, ಕಾಪಿ ಆಮೇಲೆ. ಮೊದ್ಲು ಗಿಡ," ಎಂದು ನೇರ ಹಿತ್ತಿಲಿಗೆ ನಡೆದಳು. ಹಿಮದ ಬಿಸಿಲಿಗೆ ಕೆನ್ನೆ ತಾಮ್ರವಾಗಿತ್ತು; ಕಣ್ಣುಗಳಲ್ಲಿ ದೂರವನ್ನೇ ನೋಡಿ ನೋಡಿ ಬಂದ ಒಂದು ನಿಶ್ಚಲತೆ. ಹಿಂದೆ ಹರ್ಷ, ನೇಣಿಗೆ ಹೋಗುವವನಂತೆ. ದಿಬ್ಬದ ಹತ್ತಿರ ಬಂದು ತಲೆಯೆತ್ತಿದವನು ಅಲ್ಲೇ ಕಲ್ಲಾದ.

ದಿಬ್ಬದ ಮೇಲೆ ಹೂವೊಂದು ಅರಳಿ ನಿಂತಿತ್ತು!

ಬೂದುಬಿಳಿ ದಳಗಳು, ದಪ್ಪ ರೋಮ, ನಡುವೆ ಹಳದಿಯ ಚುಕ್ಕೆಗಳು. ಮಹದೇವೂ, ನಿನ್ನ ಮನೆ ಹಾಳಾಗ ಎಂದುಕೊಂಡ ಹರ್ಷ. ತೇಜು ಮಂಡಿಯೂರಿ ಬಗ್ಗಿದಳು. ದಳವನ್ನು ಎರಡು ಬೆರಳಲ್ಲಿ ಹಿಡಿದಳು. ಮೂಸಿದಳು.

"ಇದು ಕುರಿ ನಾತ ಒಡೀತದಲ್ಲೋ."

"ಅದು... ಅಲ್ಲೀದು ಅಂಗೇ ಇರ್ತದೇನೋ ಅಂತ..."

"ದಂಟು ತೆಂಗಿನ ಕಡ್ಡಿ."

"ತೇಜು, ನಾನ್ ಮಾಡಿದ್ದಲ್ಲ. ಆ ಮಹದೇವು..."

"ನಾನ್ ಮಾಡಿದ್ದು ಕಣವ್ವ."

ಹಿತ್ತಿಲಿನ ಬಾಗಿಲಲ್ಲಿ ದೊಡ್ಡಬೀರಯ್ಯ ನಿಂತಿದ್ದರು. ಹೆಗಲ ಮೇಲಿನ ಹಳೆಯ ಬೂದುಬಿಳಿ ಕಂಬಳಿಯ ಒಂದು ಮೂಲೆ ಕಿತ್ತಿತ್ತು. ಬೆರಳಿಗೆ ಇನ್ನೂ ಅರಿಸಿನ. "ಪೋನಲ್ಲಿ ಚಿತ್ರ ನೋಡ್ಕಂಡು ಮಾಡ್ದೆ. ನಿನ್ ಗಿಡ ಸತ್ತೋಯ್ತು. ಕೊಂದೋನು ನಾನು. ಅವನು ಕಲ್ಲಾಕಿ ಕಾಪಾಡಿದ್ದ. ನಾನು ಗೊಬ್ರ ಆಕಿ, ನೀರು ಬುಟ್ಟು, ಉಸ್ರು ಕಟ್ಟಿಸ್ಬುಟ್ಟೆ. ಬಿಸ್ಲು ಅಂತ ಏಳ್ದ ನಂಗೆ. ಅಪ್ಪ ನೊಂದ್ಕತಾನೆ ಅಂತ." ಅರಿಸಿನದ ಬೆರಳನ್ನು ಪಂಚೆಗೆ ಒರೆಸಿಕೊಂಡು, "ನಮ್ ಉಡುಗನ್ ಬ್ಯಾಡ ಅನ್ನಬ್ಯಾಡ ಕಣವ್ವ ಇದಕ್ಕೆ," ಎಂದರು.

ತೇಜು ಎದ್ದಳು. ಆ ಉಣ್ಣೆಯ ಹೂವನ್ನು ದಿಬ್ಬದಿಂದ ಕಿತ್ತು, ಮಣ್ಣು ಒರೆಸಿ, ಜಡೆಗೆ ಸಿಕ್ಕಿಸಿಕೊಂಡಳು. "ಬೋ ಚೆನ್ನಾಗದೆ ಮಾವ. ಅಲ್ಲೀದಕ್ಕಿಂತ ಬೆಚ್ಚಗದೆ." ದೊಡ್ಡಬೀರಯ್ಯ ಕಂಬಳಿಯಿಂದ ಮೂಗು ಒರೆಸಿಕೊಂಡು, ಎಮ್ಮೆಗೆ ಹುಲ್ಲು ಹಾಕುವ ನೆಪ ಹೂಡಿ, ಸರಸರನೆ ಹೊರಟುಹೋದರು.

ಈಗ ಹಿತ್ತಿಲಿನಲ್ಲಿ ಇಬ್ಬರೇ. ಬೇಲಿಯ ಆಚೆ ಕಬ್ಬು ಪಿಸುಗುಟ್ಟಿತು. ತೆಂಗಿನ ಗರಿಗಳ ಸಂದಿನಿಂದ ಬೆಳಕಿನ ಬಿಂದುಗಳು ಇವಳ ಭುಜದಿಂದ ಅವನ ಭುಜಕ್ಕೆ ಜಿಗಿದಾಡಿದವು. ಹೂವಿಲ್ಲ, ಆದರೇನು, ಡೈಲಾಗು ಇದೆ! ಹರ್ಷ ಎದೆಯುಬ್ಬಿಸಿ ಉಸಿರೆಳೆದುಕೊಂಡ.

"ತೇಜೂ... ಎಲ್ರೂ ನಿನ್ನ ಕೆಳಗಿಳಿ ಅಂತಾರೆ. ನಾನು ಅನ್ನಾಕಿಲ್ಲ. ನೀನು ಹಿಮದ ಹೂವು. ಹಿಮದ ಹೂವನ್ನ ಕಿತ್ತು ತಂದು ಈ ಸೆಖೇಲಿ ಬಾಡಿಸೋ ಪಾಪಿ ನಾನಲ್ಲ. ನೀನು ಅಲ್ಲೇ ಇರು... ಕಾಯೋದು ನಂಗಿರ್ಲಿ!"

ತೇಜು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನಾನು ಊವಾ?"

"ಅಂದ್ರೆ... ಒಂದ್ ರೀತೀಲಿ..."

"ನಾನು ಕಾನ್‌ಸ್ಟೇಬಲ್ಲು ಕಣೋ." ಚಪ್ಪಲಿಯಿಲ್ಲದ ಪಾದವನ್ನು ಮುಂದಿಟ್ಟಳು. ಬೆರಳ ತುದಿಗಳು ನೀಲಿಗಟ್ಟಿ, ಊದಿ, ಚರ್ಮ ಸುಲಿದಿತ್ತು. "ನೋಡು. ಅದಕ್ಕೆ ಚಳಿ ಬೇಕು. ನಂಗ್ಯಾಕೋ ಬೇಕು ಚಳಿ? ನಮ್ಮಪ್ಪ ಕೆಲ್ಸ ಬುಟ್ಟು ಬಾ ಅಂತಾರೆ. ನಿಮ್ಮವ್ವ ಕಣ್ಮುಂದಿರು ಅಂತಾರೆ. ನೀನು ಅಲ್ಲೇ ಇರು ಅಂತೀಯ. ಮೂರು ಜನಾನೂ ನನ್ ಎತ್ತಿ ಒಂದೊಂದ್ ಕಡೆ ನೆಡೋರೇಯ. ಒಬ್ರಾದ್ರೂ ನನ್ನ ಕೇಳಿದ್ರಾ?"

ಒಂದು ಗಿಡ ಏನನ್ನು ಬಯಸುತ್ತದೆಂದು ತಿಳಿಯಲು ಹರ್ಷ ವೀಡಿಯೊ ನೋಡಿದ್ದ, ಮಣ್ಣು ಮೂಸಿದ್ದ, ಬೆರಳಿಟ್ಟು ತೇವ ಅಳೆದಿದ್ದ, ಲಸ್ಸಿಯ ಹಿಂದೆ ಚಳಿಗಾಲ ಸೃಷ್ಟಿಸಿದ್ದ. ಮಾತು ಬರುವ, ಎದುರಿಗೇ ನಿಂತಿರುವ ಈ ಹುಡುಗಿಯನ್ನು... ಒಮ್ಮೆಯೂ! ಅವನು ದಿಬ್ಬದ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತ. ಕೂತವನು, ಯಾವ ಕ್ಯಾಮೆರಾದ ಕಡೆಗೂ ತಿರುಗದೆ, ಅವಳ ನೀಲಿ ಬೆರಳುಗಳನ್ನೇ ನೋಡುತ್ತ, ಸಾದಾ ದನಿಯಲ್ಲಿ ಕೇಳಿದ:

"ನಿಂಗೇನ್ ಬೇಕು ತೇಜು?"

ಅವಳೂ ಪಕ್ಕದಲ್ಲಿ ಕೂತಳು. ಇಂಥ ಪ್ರಶ್ನೆಗೆ ಉತ್ತರ ಕೂಡಲೇ ಬರುವುದಿಲ್ಲ. ಎಷ್ಟೋ ಕಾಲದಿಂದ ಯಾರೂ ಸೇದದ ಬಾವಿಯಿಂದ ಕೊಡ ಮೇಲೆ ಬರುವಂತೆ ತಡವರಿಸಿಕೊಂಡೇ ಬರುತ್ತದೆ.

"ಯೂನಿಫಾರಂ ಬುಡಾಕಿಲ್ಲ. ಓಡಿ ಓಡಿ ಸಂಪಾದ್ಸಿದ್ದು. ಆದ್ರೆ ಬೆಟ್ಟ ಸಾಕು. ಬಯಲು ಕಡೆ ಬಟಾಲಿಯನ್‌ಗೆ ಆಕಿ ಅಂತ ಕೇಳ್ಕಂಡಿವ್ನಿ. ಕೊಡ್ತಾರೋ, ಕೊಡಾಕಿಲ್ವೋ. ಕೊಟ್ರೂ ಮಳವಳ್ಳಿಗೇನ್ ಆಕಾಕಿಲ್ಲ. ಎಲ್ಲೋ ದೂರಾನೇ. ವರ್ಸಕ್ಕೆ ಎರಡ್ ಸಲ ಬತ್ತೀನಿ. ಬಂದಾಗ ಬಿಸಿ ಮುದ್ದೆ ಬೇಕು, ಒಣಗಿದ ಕಾಲ್ಚೀಲ ಬೇಕು, ಮಲಗಿದ್ರೆ ಯಾರೂ ಎಬ್ಬಿಸ್ಬಾರ್ದು." ಜಡೆಯ ಹೂವನ್ನು ಸರಿಮಾಡಿಕೊಂಡಳು. "ನೀನ್ ಪೋನಲ್ಲಿ ಕಳ್ಸೋ ಡೈಲಾಗು ಇರ್ಲಿ. ಅಲ್ಲಿ ಸಿಗ್ನಲ್ ಬಂದ್ ದಿನ ಮೊದ್ಲು ಅದನ್ನೇ ಕೇಳೋದು ನಾನು. ಎಲ್ಲ ಉಡುಗೀರೂ ಕೇಳ್ತಾರೆ. ನಗ್ತಾರೆ."

"ನಂಗೂ ಒಂದ್ ಬೇಕು," ಎಂದ ಹರ್ಷ ನಿಧಾನವಾಗಿ. "ದೂರ ಇದ್ರೆ ಇರು. ಕಾಲು ಇಂಗಾಗದೆ ಅಂತ ಮುಚ್ಚಿಡ್ಬ್ಯಾಡ. ಏಳು."

"ಏಳ್ತೀನಿ."

"ಮದ್ವೆ?"

"ಅದನ್ನೂ ಕೇಳು. ನೆಟ್ಟಗೆ ಕೇಳು."

"ನನ್ನ ಮದ್ವೆ ಆಯ್ತೀಯಾ?"

"ಊಂ," ಎಂದಳು ತೇಜು. ಎಂದವಳೇ, "ಅತ್ತೇ, ಕಾಪಿ ಆಯ್ತಾ? ನೀವೂ ಬನ್ನಿ, ವಸಿ ಮಾತಾಡೋದದೆ," ಎಂದು ಒಳಕ್ಕೆ ಕೂಗಿದಳು. ಒಳಗೆ ಲೋಟವೊಂದು ಕೆಳಗೆ ಬಿದ್ದ ಸದ್ದಾಯಿತು. ಬಾಗಿಲ ಮರೆಯಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಚಿಕ್ಕಲಕ್ಷ್ಮಮ್ಮ, ಸೊಸೆಯನ್ನು ಕಣ್ಮುಂದೆ ಇಟ್ಟುಕೊಳ್ಳುವ ವಾದವನ್ನು ನಾಲಗೆಯ ಮೇಲೆ ಸಿದ್ಧಮಾಡಿಕೊಂಡೇ ಹೊರಗೆ ಬಂದರು. ಬಂದವರು ಆ ಪಾದವನ್ನು ಕಂಡರು. ವಾದ ಎಲ್ಲಿಗೆ ಹೋಯಿತೋ! ತಟ್ಟನೆ ಕೂತು, ಅದನ್ನು ಎತ್ತಿ ಮಡಿಲಿಗೆ ಹಾಕಿಕೊಳ್ಳಲು ಕೈ ಚಾಚಿದರು. ಆಮೇಲೆ ಅರ್ಧದಲ್ಲೇ ಕೈ ತಡೆದು, ಸೊಸೆಯಾಗುವವಳ ಮುಖ ನೋಡಿ, ಆ ತಾಯಿ ಕೇಳಿದರು, "ಅರಳೆಣ್ಣೆ ಬಿಸಿ ಮಾಡಿ ಅಚ್ಲಾ ಮೊಗ? ಅಚ್ಚಿದ್ರೆ ನೋಯ್ತದಾ?"

ಪ್ರೀತಿಸುವ ಮನಸ್ಸು ಮೇಘದಂಥದು, ಸಹೃದಯರೇ. ತುಂಬಿಕೊಂಡ ಮೇಲೆ ಸುರಿಯದೆ ಇರಲಾರದು. ತಪ್ಪು ಮೇಘದ್ದಲ್ಲ. ಆದರೆ ಮೂಕವಾದ ತೃಣಸಂಕುಲದ ಎಲೆಯ ಬಾಡುವಿಕೆಯನ್ನು, ಬೇರಿನ ತೇವವನ್ನು ಮುಟ್ಟಿ ನೋಡುವಷ್ಟು ತಾಳ್ಮೆಯುಳ್ಳ ನಾವು, ನಮ್ಮ ಜೊತೆಯೇ ಉಂಡು, ಮಲಗಿ, ನಗುವ ಜೀವಗಳ ಬಯಕೆಯನ್ನು ಮಾತ್ರ ನಮ್ಮ ಎದೆಯೊಳಗಿಂದಲೇ ಊಹಿಸಿಕೊಂಡುಬಿಡುತ್ತೇವೆ. ಅವರಿಗೂ ಬಾಯಿದೆ, ಆ ಬಾಯಿಗೂ ಮಾತಿದೆ ಎಂಬುದನ್ನು ಅಕ್ಕರೆಯ ಭರದಲ್ಲಿ ಮರೆತು... ಪ್ರಾಯಶಃ ಅನುರಾಗದ ಅತ್ಯುನ್ನತ ಶಿಖರ ತ್ಯಾಗವೂ ಅಲ್ಲ, ದಾನವೂ ಅಲ್ಲ. ಚಾಚಿದ ಕೈಯನ್ನು ಅರ್ಧದಲ್ಲೇ ತಡೆದು, ಕೇಳಿ, ಉತ್ತರ ಬರುವವರೆಗೂ ಕಾಯಬಲ್ಲ ಆ ಒಂದು ಗಳಿಗೆಯ ಮೌನ!